ಕೈಗುಣದ ಲೆಕ್ಕ: ನಮ್ಮೂರ ಡಾಕ್ಟರ ಜಾಗಕ್ಕೆ ಯಾರೂ ಯಾಕೆ ಬರಲಿಲ್ಲ?

“ಅವರ ಕೈಗುಣ ಚೆನ್ನಾಗಿದೆ.” ನಮ್ಮ ಕಡೆ ಡಾಕ್ಟರಿಗೆ ಸಿಗುವ ದೊಡ್ಡ ಸರ್ಟಿಫಿಕೇಟು ಇದೇ. ಎಲ್ಲಿ ಓದಿದರು, ಬೋರ್ಡಿನಲ್ಲಿ ಹೆಸರಿನ ಮುಂದೆ ಎಷ್ಟು ಅಕ್ಷರ ಇವೆ ಎಂದು ಯಾರೂ ನೋಡುವುದಿಲ್ಲ. ಸಣ್ಣವನಿದ್ದಾಗ ಇದು ನನಗೊಂದು ಒಗಟು. ಒಬ್ಬರು ಕೊಟ್ಟರೆ ಜ್ವರ ಇಳಿಯುತ್ತದೆ, ಇನ್ನೊಬ್ಬರು ಕೊಟ್ಟರೆ ಇಳಿಯುವುದಿಲ್ಲ. ಗುಳಿಗೆ ನೋಡಿದರೆ ಅದೇ, ಕಂಪನಿಯೂ ಅದೇ.

ಉತ್ತರ ಕನ್ನಡ ಜಿಲ್ಲೆಯ ಶಿರಸಿ ಸೀಮೆಯ ನಮ್ಮೂರಲ್ಲಿ ನಲವತ್ತು ವರ್ಷದ ಹತ್ತಿರ ಒಬ್ಬರೇ ಡಾಕ್ಟರು ಇದ್ದರು. ಸೊಸೈಟಿ ಪಕ್ಕ ಎರಡು ಕೋಣೆಯ ದವಾಖಾನೆ. ಹೊರಗೊಂದು ಮರದ ಬೆಂಚು. ಕೂತವರ ಬೆನ್ನು ತಾಗಿ ತಾಗಿ ಗೋಡೆಯ ಸುಣ್ಣ ಒಂದು ಪಟ್ಟಿಯಷ್ಟು ಸವೆದಿತ್ತು. ಒಳಗೆ ಕಂಪೌಂಡರು ಕೆಂಪು ಮಿಕ್ಸ್ಚರನ್ನು ಬಾಟಲಿಗೆ ಸುರಿದು, ಹಲ್ಲು ಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿ ಅಂಟಿಸುತ್ತಿದ್ದ. ಒಂದು ಹಲ್ಲು ಅಂದರೆ ಒಂದು ಹೊತ್ತಿನ ಔಷಧಿ. ಬಾಟಲಿ ಮನೆಯಿಂದಲೇ ಒಯ್ಯಬೇಕಿತ್ತು. ಕೈಯಲ್ಲಿ ದುಡ್ಡಿಲ್ಲದವರು ಅಡಿಕೆ ಮಾರಿದ ಮೇಲೆ ಕೊಡುತ್ತಿದ್ದರು, ಕೆಲವರು ಹಲಸಿನ ಹಪ್ಪಳದ ಕಟ್ಟು ತಂದಿಟ್ಟು ಹೋಗುತ್ತಿದ್ದರು.

ಎರಡು ವರ್ಷದ ಹಿಂದೆ ಅವರು ಬಾಗಿಲು ಹಾಕಿದರು. ಎಪ್ಪತ್ತು ದಾಟಿತ್ತು, ಮೊಣಕಾಲು ಕೇಳುತ್ತಿರಲಿಲ್ಲ. ಬೋರ್ಡು ಈಗಲೂ ನೇತಾಡುತ್ತಿದೆ. ಕೋಣೆಯಲ್ಲಿ ಸೊಸೈಟಿಯವರು ಗೊಬ್ಬರದ ಚೀಲ ಪೇರಿಸಿದ್ದಾರೆ. ಬೇರೆ ಡಾಕ್ಟರು ಬರಲಿಲ್ಲ. ಬರುತ್ತಾರೆ ಎಂದು ನಮಗೂ ಅನ್ನಿಸಿರಲಿಲ್ಲ, ನಿಜ ಹೇಳಬೇಕೆಂದರೆ.

ನಮ್ಮ ಜಿಲ್ಲೆಯಲ್ಲಿ ಆರೋಗ್ಯದ ಮಾತು ಎತ್ತಿದರೆ ಅದು ಹೋಗಿ ನಿಲ್ಲುವುದು ದೊಡ್ಡಾಸ್ಪತ್ರೆಯ ಹತ್ತಿರ. 2022ರ ಜುಲೈ 20ರಂದು ಹೊನ್ನಾವರದಿಂದ ಕುಂದಾಪುರಕ್ಕೆ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರು ಹತ್ತಿರದ ಶಿರೂರು ಟೋಲ್ ಗೇಟಿಗೆ ಬಡಿದು ನಾಲ್ವರು ಸತ್ತರು. ಮಳೆ ನೀರಿನಲ್ಲಿ ಗಾಡಿ ಗಿರ್ರನೆ ತಿರುಗಿದ ಆ ಸಿಸಿಟಿವಿ ದೃಶ್ಯವನ್ನು ನೋಡದವರಿಲ್ಲ. (2024ರ ಜುಲೈ 16ರಂದು ಗುಡ್ಡ ಕುಸಿದ ಶಿರೂರು ಬೇರೆ, ಅದು ಅಂಕೋಲಾ ತಾಲೂಕಿನದು. ಹೆಸರೂ ಒಂದೇ, ಹೆದ್ದಾರಿಯೂ ಒಂದೇ.) ಆ ಅಪಘಾತದ ನಂತರ ಜಿಲ್ಲೆಗೊಂದು ಮಲ್ಟಿ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಎಂಬ ಕೂಗು ಜೋರಾಯಿತು. ಕುಮಟಾದಲ್ಲಾ, ಶಿರಸಿಯಲ್ಲಾ, ಕಾರವಾರದಲ್ಲಾ ಎಂಬ ಜಗಳವೂ ಜೊತೆಗೇ ಶುರುವಾಯಿತು.

ಬೇಡಿಕೆ ನ್ಯಾಯವಾದದ್ದೇ. ಕಾರವಾರದವರು ಗೋವಾದ ಬಾಂಬೋಲಿಂಗೆ ಓಡಬೇಕು. ಹೊನ್ನಾವರ, ಭಟ್ಕಳದವರಿಗೆ ಮಣಿಪಾಲ. ಶಿರಸಿ, ಯಲ್ಲಾಪುರ, ಮುಂಡಗೋಡದವರಿಗೆ ಹುಬ್ಬಳ್ಳಿ. ಸಿದ್ದಾಪುರದವರಿಗೆ ಶಿವಮೊಗ್ಗ. ಒಂದೇ ಜಿಲ್ಲೆಯವರು ನಾಲ್ಕು ದಿಕ್ಕಿಗೆ, ಅದೂ ಬೇರೆ ಜಿಲ್ಲೆಗೆ, ಬೇರೆ ರಾಜ್ಯಕ್ಕೆ ಹೊರಡುತ್ತೇವೆ. ಜಿಲ್ಲೆಯೊಳಗೇ ಕರಾವಳಿಯಿಂದ ಮೇಲಕ್ಕೋ, ಮೇಲಿಂದ ಕರಾವಳಿಗೋ ಹೋಗಬೇಕಾದರೆ ನಡುವೆ ಘಟ್ಟ. ದೇವಿಮನೆಯೋ, ಅರಬೈಲೋ, ಅಣಶಿಯೋ, ಯಾವುದೋ ಒಂದು ತಿರುವು ಎದುರಾಗಲೇಬೇಕು.

ಆದರೆ ಆಂಬುಲೆನ್ಸ್ ಹತ್ತುವ ಮೊದಲು ಒಂದು ತೀರ್ಮಾನ ಆಗಬೇಕಲ್ವಾ? ಇದು ಹತ್ತಿಸುವಂಥ ಕೇಸು ಎಂದು ಯಾರೋ ಹೇಳಬೇಕು. ರಾತ್ರಿ ಹತ್ತೂವರೆಗೆ ಎದೆ ಒತ್ತಿ ಹಿಡಿದಂತಾಗಿ ಬಂದ ಭಟ್ಟರು ಬೆಂಚಿನ ಮೇಲೆ ಕೂತು ಹೇಳುವುದು ಇಷ್ಟೇ: “ಎಂತದೂ ಇಲ್ಲೆ ಡಾಕ್ಟ್ರೇ, ಗ್ಯಾಸು ಆಗಿಕ್ಕು. ಒಂದು ಗುಳಿಗೆ ಕೊಟ್ರೆ ಸಾಕು.” ಇವರ ಅಪ್ಪ ಐವತ್ತೆರಡಕ್ಕೆ ಹೀಗೇ “ಗ್ಯಾಸು” ಅನ್ನುತ್ತಲೇ ಹೋದರು ಎಂದು ನೆನಪಿರುವ ಡಾಕ್ಟರು ಗುಳಿಗೆ ಕೊಟ್ಟು ಕಳಿಸುವುದಿಲ್ಲ. ಕಾರು ತೆಗೆಸುತ್ತಾರೆ. ಈಗ ತಾಲೂಕು ಆಸ್ಪತ್ರೆಗಳಲ್ಲಿ ಹೃದಯ ಜ್ಯೋತಿ ಯೋಜನೆ ಬಂದಿದೆ. 2023ರಲ್ಲಿ ಪುನೀತ್ ರಾಜ್‌ಕುಮಾರ್ ಹೆಸರಲ್ಲಿ ಶುರುವಾದದ್ದು. ಇಸಿಜಿ ದೂರದ ತಜ್ಞರಿಗೆ ಹೋಗುತ್ತದೆ, ಹೆಪ್ಪುಗಟ್ಟಿದ ರಕ್ತ ಕರಗಿಸುವ ದುಬಾರಿ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ನನ್ನು ಉಚಿತವಾಗಿ ಕೊಡುತ್ತಾರೆ. ಒಳ್ಳೆಯ ಯೋಜನೆ. ಆದರೆ ಅದು ಶುರುವಾಗುವುದು ರೋಗಿ ಆಸ್ಪತ್ರೆ ಬಾಗಿಲಿಗೆ ಬಂದ ಮೇಲೆ. ಗ್ಯಾಸಿನ ಗುಳಿಗೆ ನುಂಗಿ ಮನೆಯಲ್ಲೇ ಮಲಗಿದವರಿಗೆ ಯಾವ ಯೋಜನೆಯೂ ಸಿಗುವುದಿಲ್ಲ.

ಕೈಗುಣ ಅಂದರೆ ಏನು ಎಂದು ನನಗೆ ಅರ್ಥವಾದದ್ದು ಒಂದು ಡಬ್ಬಿಯಿಂದ. ನಮ್ಮ ದೊಡ್ಡಮ್ಮನಿಗೆ ಕಾಲು ಊದಿತ್ತು. ಮಕ್ಕಳಿಬ್ಬರೂ ಬೆಂಗಳೂರಲ್ಲಿ. ಇಲ್ಲಿ ತೋಟ, ಮನೆ, ಒಂದು ಆಕಳು, ದೊಡ್ಡಪ್ಪ. ಊರಿಗೆ ಬಂದಾಗ ಮಗ ಪ್ರತಿ ಸಲ ಒಬ್ಬೊಬ್ಬ ಸ್ಪೆಷಲಿಸ್ಟ್ ಹತ್ತಿರ ತೋರಿಸುತ್ತಿದ್ದ. ಒಮ್ಮೆ ಹುಬ್ಬಳ್ಳಿ, ಒಮ್ಮೆ ಬೆಂಗಳೂರು, ಮತ್ತೊಮ್ಮೆ ಪೇಟೆಯ ಯಾವುದೋ ಆಸ್ಪತ್ರೆ. ಕಾಲಿನ ಊತಕ್ಕೆ ಕೊನೆಗೆ ನೀರು ಹೋಗಿಸುವ ಗುಳಿಗೆಯೂ ಸೇರಿತು. ಅದರಿಂದ ರಾತ್ರಿ ನಾಲ್ಕು ಸಲ ಏಳಬೇಕು, ಏಳುವಾಗ ತಲೆ ತಿರುಗು. ಒಂದು ದಿನ ಬಚ್ಚಲಲ್ಲಿ ಬಿದ್ದಳು. ನಾನು ಅವಳನ್ನು ಊರ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ನಾಡಿ ನೋಡಿದ್ದು ಆಮೇಲೆ. ಮೊದಲು ಹೇಳಿದ್ದು, “ಮನೆಯಲ್ಲಿರೋ ಗುಳಿಗೆ ಡಬ್ಬಿ ತಗಂಡು ಬಾ.”

ತಂದು ಮೇಜಿನ ಮೇಲೆ ಸುರಿದೆ. ಹನ್ನೊಂದು ಪಟ್ಟಿ. ಅವರು ಕನ್ನಡಕ ಹಣೆಗೆ ಏರಿಸಿ ಒಂದೊಂದೇ ಪಟ್ಟಿಯ ಬೆನ್ನು ತಿರುಗಿಸಿ ಸಣ್ಣ ಅಕ್ಷರ ಓದಿದರು. ಎರಡು ಪಟ್ಟಿ ಬದಿಗಿಟ್ಟರು. ಬಣ್ಣ ಬೇರೆ, ಹೆಸರು ಬೇರೆ, ಒಳಗಿನ ಔಷಧಿ ಒಂದೇ, ಆಮ್ಲೋಡಿಪಿನ್. ಇಬ್ಬರು ಡಾಕ್ಟರು ಬೇರೆ ಬೇರೆ ಕಂಪನಿ ಹೆಸರಲ್ಲಿ ಅದೇ ಬಿಪಿ ಗುಳಿಗೆ ಬರೆದಿದ್ದರು, ಅವಳು ಎರಡನ್ನೂ ನಿಯತ್ತಾಗಿ ನುಂಗುತ್ತಿದ್ದಳು. ಪ್ರಮಾಣ ಜಾಸ್ತಿಯಾದರೆ ಪಾದ ಊದುವುದು ಈ ಗುಳಿಗೆಯ ಗೊತ್ತಿರುವ ಗುಣ. ಊತಕ್ಕೆ ಕಾರಣ ಗುಳಿಗೆ, ಊತಕ್ಕೆ ಕೊಟ್ಟಿದ್ದು ಮತ್ತೊಂದು ಗುಳಿಗೆ, ಅದರಿಂದ ತಲೆ ತಿರುಗು, ತಲೆ ತಿರುಗಿಗೆ ಇನ್ನೊಂದು ಗುಳಿಗೆ. ಡಾಕ್ಟರು ಹೊಸದೇನೂ ಬರೆಯಲಿಲ್ಲ. ಬೇಡದ್ದನ್ನು ಬಿಡಿಸಿದರು, ಹತ್ತು ದಿನ ಬಿಟ್ಟು ಬಿಪಿ ನೋಡಿಸಿಕೊಳ್ಳಲು ಹೇಳಿದರು. ಕಾಲು ಇಳಿಯಿತು. ಊರೆಲ್ಲ ಒಂದೇ ಮಾತು: ಏನು ಕೈಗುಣ!

ಆ ಮೂವರು ಸ್ಪೆಷಲಿಸ್ಟರಲ್ಲಿ ಯಾರೂ ದಡ್ಡರಲ್ಲ. ಅವರವರ ಪಾಲಿನ ಅಂಗವನ್ನು ಅವರವರು ಸರಿಯಾಗಿಯೇ ನೋಡಿದ್ದರು. ಇಡೀ ಡಬ್ಬಿಯನ್ನು ನೋಡುವ ಕೆಲಸ ಮಾತ್ರ ಯಾರ ಪಾಲಿಗೂ ಬಂದಿರಲಿಲ್ಲ.

ಹೀಗೆ ಇಡಿಯಾಗಿ ನೋಡುವುದೇ ಊರ ಡಾಕ್ಟರ ವಿದ್ಯೆ. ನಮ್ಮ ಸೀಮೆಯಲ್ಲಿ ಅದಕ್ಕೆ ಸ್ಥಳದ ತಿಳಿವಳಿಕೆಯೂ ಬೇಕು. ಅಡಿಕೆ ಕೊನೆ ಕೊಯ್ಯುವ ಕೊನೆಗೌಡನಿಗೆ ಬಿಪಿ ಬಂತು ಅಂದುಕೊಳ್ಳಿ. ಕೆಲವು ಬಿಪಿ ಗುಳಿಗೆಗಳು ಶುರುವಿನ ದಿನಗಳಲ್ಲಿ ತಲೆ ತಿರುಗಿಸುತ್ತವೆ. ಆಫೀಸಿನಲ್ಲಿ ಕೂರುವವನಿಗೆ ಅದು ದೊಡ್ಡದಲ್ಲ. ಐವತ್ತು ಅಡಿ ಮರದ ತುದಿಯಲ್ಲಿ, ಒಂದು ಮರದಿಂದ ಇನ್ನೊಂದಕ್ಕೆ ಜೋಲಿ ಹೊಡೆದು ದಾಟುವವನಿಗೆ? “ಕೊಯ್ಲು ಮುಗೀಲಿಕ್ಕೆ ಎಷ್ಟು ದಿನ ಇದ್ದು?” ಎಂದು ಕೇಳಿ ಗುಳಿಗೆ ಆರಿಸಬೇಕು. ನೆಗಡಿಗೆ ಕೊಡುವ ನಿದ್ದೆ ತರಿಸುವ ಗುಳಿಗೆಗೂ ಇದೇ ಪ್ರಶ್ನೆ. ಕರಾವಳಿಯಲ್ಲಿ ಅದೇ ಪ್ರಶ್ನೆ ದೋಣಿಗೆ ಹೋಗುವವರಿಗೆ.

ಡಿಸೆಂಬರಿನಿಂದ ಮೇ ತನಕ ಜ್ವರ ಎಂದು ಬಂದವರಿಗೆ ಕೇಳುವುದು ಬೇರೆ. ಸೊಪ್ಪಿನ ಬೆಟ್ಟಕ್ಕೆ ಹೋಗಿದ್ದೆಯಾ, ಉದುರಿದೆಲೆಯ ದರಕು ಗುಡಿಸಿದೆಯಾ, ಮಂಗ ಸತ್ತಿದ್ದು ಕಂಡೆಯಾ. ಮಂಗನ ಕಾಯಿಲೆ 1957ರಲ್ಲಿ ಮೊದಲು ಗೊತ್ತಾದದ್ದು ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಹರಡುವುದು ಉಣುಗು. 2024ರ ಬೇಸಿಗೆಯಲ್ಲಿ ಸಿದ್ದಾಪುರ ತಾಲೂಕು ಅದರ ಹೊಡೆತ ತಿಂದಿತು, ಜೀವಗಳೂ ಹೋದವು. ಹಳೆಯ ಲಸಿಕೆ ಸಾಕಷ್ಟು ಕೆಲಸ ಮಾಡುತ್ತಿಲ್ಲ ಎಂದು ಅಷ್ಟರಲ್ಲೇ ನಿಂತುಹೋಗಿತ್ತು. ಇದಕ್ಕೇ ಅಂತ ಔಷಧಿ ಇಲ್ಲ. ಬೇಗ ಗುರುತಿಸಿ, ರಕ್ತ ಪರೀಕ್ಷೆಗೆ ಕಳಿಸಿ, ರಕ್ತಸ್ರಾವ ಹೆಚ್ಚಿಸುವಂಥ ನೋವಿನ ಗುಳಿಗೆ ತಪ್ಪಿಸಿ, ಹೊತ್ತಿಗೆ ಸರಿಯಾಗಿ ಅಡ್ಮಿಟ್ ಮಾಡಿಸುವುದೇ ಚಿಕಿತ್ಸೆ. ಅಂದರೆ ಮೊದಲ ದಿನ ನೋಡಿದವರು ಏನು ಕೇಳಿದರು ಎಂಬುದರ ಮೇಲೆ ಎಲ್ಲ ನಿಂತಿದೆ. ಮಳೆಗಾಲದಲ್ಲಿ ಗದ್ದೆ ಕೆಲಸದವರಿಗೆ ಬರುವ ಇಲಿ ಜ್ವರದ ಕತೆಯೂ ಹೀಗೆಯೇ.

ಇನ್ನು ಕವಳ, ಅಂದರೆ ಎಲೆ-ಅಡಿಕೆ. ಅಡಿಕೆಯೇ ಕ್ಯಾನ್ಸರ್ ತರುವ ವಸ್ತು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಪಟ್ಟಿ ಮಾಡಿ ಬರೆದಿದೆ. ಅಡಿಕೆ ಬೆಳೆದು ಉಣ್ಣುವ ಸೀಮೆಯಲ್ಲಿ ಈ ಮಾತು ಹೇಳುವುದು ಹೇಗೆ? ಗೋಡೆಯ ಪೋಸ್ಟರ್ ಹೇಳಿದರೆ ಜನ ನಗುತ್ತಾರೆ, ಹೊರಗಿನವರು ಹೇಳಿದರೆ ಸಿಟ್ಟಾಗುತ್ತಾರೆ. ನಮ್ಮ ಡಾಕ್ಟರು ತಾವೂ ನಾಲ್ಕು ಎಕರೆ ತೋಟದವರ ಮಗ. ಯಾವ ಕಾಯಿಲೆಗೆ ಬಂದರೂ “ಬಾಯಿ ತೆಗಿ” ಅನ್ನುತ್ತಿದ್ದರು. ಬಾಯಿ ಮೂರು ಬೆರಳು ಹಿಡಿಸುವಷ್ಟು ತೆರೆಯುತ್ತದಾ, ಕೆನ್ನೆಯ ಒಳಗೆ ಬಿಳಿ ಮಚ್ಚೆ ಇದೆಯಾ ಎಂದು ಟಾರ್ಚು ಬಿಟ್ಟು ನೋಡುತ್ತಿದ್ದರು. ಬೈದದ್ದು ಕಡಿಮೆ. ಕವಳದ ಸಂಚಿಯಿಂದ ಹೊಗೆಸೊಪ್ಪು ಮಾತ್ರ ತೆಗೆದು ಮೇಜಿನ ಮೇಲಿಟ್ಟುಕೊಂಡು, “ಇದು ಇಲ್ಲಿರಲಿ” ಅಂದು ಕಳಿಸುತ್ತಿದ್ದರು.

ಬೆಳಂಬಾರದ ವಿಷಯವೂ ಹಾಗೆಯೇ. ಪಾರ್ಶ್ವವಾಯುವಿನ ನಾಟಿ ಮದ್ದಿಗೆ ಅಂಕೋಲಾದ ಆ ಊರಿಗೆ ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಹೋಗಬೇಡಿ ಎಂದು ಯಾರು ಹೇಳಿದರೂ ಜನ ಕೇಳುವುದಿಲ್ಲ. ಬಾಯಿ ಸೊಟ್ಟಗಾದ ಮೊದಲ ನಾಲ್ಕೂವರೆ ಗಂಟೆಯೊಳಗೆ ಸ್ಕ್ಯಾನ್ ಇರುವ ಆಸ್ಪತ್ರೆಗೆ ಹೋದರೆ ಮಾತ್ರ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಬಹುದು. “ಮೊದಲು ಆಸ್ಪತ್ರೆ, ಆಮೇಲೆ ಬೆಳಂಬಾರಕ್ಕೆ ಬೇಕಾದ್ರೆ ನಾನೇ ಕರ್ಕೊಂಡು ಹೋಗ್ತೇನೆ” ಎಂದು ಹೇಳಿ ಒಪ್ಪಿಸುವುದು ನಂಬಿಕೆ ಗಳಿಸಿದವರಿಗೆ ಮಾತ್ರ ಸಾಧ್ಯ.

ಇದೆಲ್ಲ ಹಳೆಯ ಕಾಲದ ಹಳಹಳಿಕೆ ಅನ್ನಿಸಬಹುದು. ಹಾಗಾಗಿ ನಾರ್ವೆಯ ಮಾತು ಹೇಳುತ್ತೇನೆ. ಅಲ್ಲಿ ಪ್ರತಿಯೊಬ್ಬರ ಹೆಸರೂ ಒಬ್ಬ ಡಾಕ್ಟರ ಪಟ್ಟಿಯಲ್ಲಿ ಇರುತ್ತದೆ. ಸುಮಾರು 45 ಲಕ್ಷ ಜನರ ದಾಖಲೆ ಇಟ್ಟುಕೊಂಡು ಸಂಶೋಧಕರು ಲೆಕ್ಕ ಹಾಕಿದರು. ಒಬ್ಬರೇ ಡಾಕ್ಟರ ಹತ್ತಿರ 15 ವರ್ಷಕ್ಕಿಂತ ಜಾಸ್ತಿ ಹೋದವರನ್ನು, ಒಂದೇ ವರ್ಷದ ಪರಿಚಯ ಇದ್ದವರ ಜೊತೆ ಹೋಲಿಸಿದರು. ಹಳೆಯ ಪರಿಚಯದವರಲ್ಲಿ ತುರ್ತಾಗಿ ಆಸ್ಪತ್ರೆ ಸೇರುವುದು ಶೇ. 28ರಷ್ಟು ಕಡಿಮೆ, ಸಾವು ಶೇ. 25ರಷ್ಟು ಕಡಿಮೆ. ಅವರ ಭಾಷೆಯಲ್ಲಿ ಕೈಗುಣ ಎಂಬ ಪದ ಇದೆಯೋ ಇಲ್ಲವೋ, ಲೆಕ್ಕ ಮಾತ್ರ ಅದರದ್ದೇ.

ಹಾಗಾದರೆ ಈ ಕೆಲಸ ಯಾಕೆ ಮುಂದುವರಿಯುತ್ತಿಲ್ಲ? “ಈಗಿನ ಹುಡುಗರಿಗೆ ಸೇವಾ ಮನೋಭಾವ ಇಲ್ಲ” ಎಂದು ಸನ್ಮಾನ ಸಭೆಗಳಲ್ಲಿ ಹೇಳುವುದು ವಾಡಿಕೆ. ನನಗೆ ಈ ಮಾತಿನಲ್ಲಿ ನಂಬಿಕೆ ಇಲ್ಲ. ಸ್ವಲ್ಪ ಹಿಂದಕ್ಕೆ ಹೋಗಿ ನೋಡಬೇಕು.

ನಮ್ಮ ಜಿಲ್ಲೆ 1862ರಿಂದ 1956ರ ತನಕ ಮುಂಬೈ ಪ್ರಾಂತ್ಯದಲ್ಲಿತ್ತು. ಹಳಬರ ಬೋರ್ಡುಗಳಲ್ಲಿ ಎಲ್.ಸಿ.ಪಿ.ಎಸ್. ಎಂದಿರುತ್ತಿತ್ತು, ಅದು ಮುಂಬೈ ಕಡೆಯ ಸಣ್ಣ ಕೋರ್ಸು. ಊರಿನಲ್ಲಿ ನಿಲ್ಲಲೆಂದೇ ತಯಾರಾದ ಡಾಕ್ಟರುಗಳು ಅವರು. ದೇಶದ ಆರೋಗ್ಯ ವ್ಯವಸ್ಥೆ ಹೇಗಿರಬೇಕು ಎಂದು ವರದಿ ಕೊಟ್ಟ 1946ರ ಭೋರ್ ಸಮಿತಿ ಇಂಥ ಕೋರ್ಸುಗಳು ಬೇಡ, ದೇಶಕ್ಕೆಲ್ಲ ಒಂದೇ ದರ್ಜೆಯ ಡಾಕ್ಟರು ಸಾಕು ಎಂದಿತು. ಉದ್ದೇಶ ಒಳ್ಳೆಯದೇ. ಹಳ್ಳಿಯವರಿಗೆ ಯಾಕೆ ಅರೆಬರೆ ಡಾಕ್ಟರು? ಆದರೆ ಆದದ್ದೇನು? ಎಂಬಿಬಿಎಸ್ ಎಂಬುದು ಮುಂದಿನ ಮೆಟ್ಟಿಲು ಹತ್ತಲು ಇಡುವ ಮಣೆಯಾಯಿತು. ವಿದ್ಯಾರ್ಥಿ ನಾಲ್ಕೂವರೆ ವರ್ಷ ಕಲಿಯುವುದು ಸ್ಪೆಷಲಿಸ್ಟರ ಕೈಕೆಳಗೆ, ದೊಡ್ಡಾಸ್ಪತ್ರೆಯ ವಾರ್ಡಿನಲ್ಲಿ. ಡಬ್ಬಿ ಸುರಿಸಿ ನೋಡುವ ಡಾಕ್ಟರನ್ನು ಅವನು ಕಾಲೇಜಿನಲ್ಲಿ ಒಂದು ದಿನವೂ ಕಂಡಿರುವುದಿಲ್ಲ.

ನಮ್ಮ ಬಾಯಲ್ಲೂ ಒಂದು ಪದ ಹುಟ್ಟಿತು: “ಬರೀ.” “ಬರೀ ಎಂಬಿಬಿಎಸ್ಸಾ?” ಮದುವೆಗೆ ಹೆಣ್ಣು ಕೇಳಲು ಹೋದಲ್ಲೂ ಇದೇ ಪ್ರಶ್ನೆ, ಆಸ್ಪತ್ರೆಯ ಚೀಟಿ ಮಾಡಿಸುವಲ್ಲೂ ಇದೇ ಪ್ರಶ್ನೆ. ಈ “ಬರೀ” ಹೊತ್ತುಕೊಂಡು ನಲವತ್ತು ವರ್ಷ ಒಂದೂರಲ್ಲಿ ಕೂರಲು ಯಾರಿಗೆ ಮನಸ್ಸು ಬರುತ್ತದೆ?

ದುಡ್ಡಿನ ಲೆಕ್ಕ ಸುಮ್ನೆ ಅಂದಾಜಿಗೆ ಹಾಕಿ ನೋಡಿ. ದಿನಕ್ಕೆ ಮೂವತ್ತು ಜನ, ತಲೆಗೆ 100 ರೂಪಾಯಿ, ತಿಂಗಳಿಗೆ 25 ದಿನ. 75,000 ಆಯಿತು. ಬಾಡಿಗೆ, ಕರೆಂಟು, ಒಬ್ಬ ಸಹಾಯಕಿಯ ಸಂಬಳ, ಸೂಜಿ-ಹತ್ತಿಯ ಕಸ ಒಯ್ಯುವವರ ಶುಲ್ಕ, ಕೊಡದೇ ಉಳಿದವರ ಬಾಕಿ ಕಳೆಯಿರಿ. ಕೈಗೆ ಉಳಿಯುವುದಕ್ಕಿಂತ ಜಾಸ್ತಿ ದುಡ್ಡು ಬೆಂಗಳೂರಿನ ಡ್ಯೂಟಿ ಡಾಕ್ಟರ ಕೆಲಸದಲ್ಲಿ ಸಿಕ್ಕೀತು, ಅದೂ ರಾತ್ರಿ ಬಾಗಿಲು ಬಡಿಯುವವರು ಯಾರೂ ಇಲ್ಲದೆ. ಮೂವತ್ತು ಜನ ಸಿಗುವುದೂ ಸುಲಭ ಅಲ್ಲ. 2011ರ ಜನಗಣತಿಯಲ್ಲಿ ಉತ್ತರ ಕನ್ನಡದಲ್ಲಿ ಚದರ ಕಿಲೋಮೀಟರಿಗೆ 140 ಜನ, ರಾಜ್ಯದ ಸರಾಸರಿ 319. ಜೋಯಿಡಾ ಕಡೆ ಹೋದರೆ ಒಂದು ಮನೆಯಿಂದ ಇನ್ನೊಂದು ಮನೆಗೆ ಕಾಡೇ ದಾಟಬೇಕು. ರೋಗಿಗಳು ಕಡಿಮೆ, ಓಡಾಟ ಜಾಸ್ತಿ. ಮೇಲಿಂದ ಖಾಸಗಿ ದವಾಖಾನೆಗಳಿಗಿರುವ ಕೆಪಿಎಂಇ ಕಾಯ್ದೆಯ ನೋಂದಣಿ, ಐದು ವರ್ಷಕ್ಕೊಮ್ಮೆ ನವೀಕರಣ, ಕಾಗದ ಪತ್ರ. ನಿಯಮ ಬೇಕು, ಇಲ್ಲ ಅನ್ನುವುದಿಲ್ಲ. ಆದರೆ ದೊಡ್ಡಾಸ್ಪತ್ರೆಗೆ ಅದಕ್ಕೊಬ್ಬ ಮ್ಯಾನೇಜರ್ ಇರುತ್ತಾನೆ. ಇಲ್ಲಿ ಡಾಕ್ಟರೇ ರಾತ್ರಿ ಕೂತು ಅರ್ಜಿ ತುಂಬಬೇಕು.

ನಮ್ಮ ಪಾಲಿನ ತಪ್ಪೂ ಇದೆ, ಅದನ್ನು ಮುಚ್ಚಿಡುವುದು ಬೇಡ. ಕಾರು ಬಂದ ಮೇಲೆ ನಾವು ಹಗಲಿನ ಕಾಯಿಲೆಯನ್ನೆಲ್ಲ ಪೇಟೆಗೆ ಒಯ್ದೆವು. ಊರ ಡಾಕ್ಟರಿಗೆ ಉಳಿಸಿದ್ದು ರಾತ್ರಿಯ ಕಾಯಿಲೆ, ಭಾನುವಾರದ ಕಾಯಿಲೆ, ಉದ್ರಿಯ ಕಾಯಿಲೆ. ಪೇಟೆಯಲ್ಲಿ ಸಾವಿರ ಕೊಟ್ಟು ಎಕ್ಸ್‌ರೇ ತೆಗೆಸಿಕೊಂಡು ಬಂದವರು ಇಲ್ಲಿ ಐವತ್ತು ಕೊಡಲು ಕೈ ಹಿಂದೆ ತೆಗೆದರು. ಸೂಜಿ ಹಾಕದಿದ್ದರೆ ಔಷಧಿಯೇ ಕೊಟ್ಟಿಲ್ಲ ಅಂದೆವು. ಅವರು ಫೀಸು ಹತ್ತು ರೂಪಾಯಿ ಏರಿಸಿದ ವರ್ಷ ಸೊಸೈಟಿ ಕಟ್ಟೆಯ ಮೇಲೆ ನಡೆದ ಚರ್ಚೆಯಲ್ಲಿ ನಾನೂ ಇದ್ದೆ. ಸುಮ್ಮನೆ ಕೂತಿದ್ದೆ.

ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರ ಇದೆಯಲ್ಲ ಅನ್ನಬಹುದು. ಇದೆ. ಗುಡ್ಡಗಾಡು ಪ್ರದೇಶದಲ್ಲಿ 20,000 ಜನಕ್ಕೆ ಒಂದು ಎಂಬುದು ಲೆಕ್ಕ. ಆಶಾ ಕಾರ್ಯಕರ್ತೆಯರು, ನರ್ಸಮ್ಮಂದಿರು ಮಳೆ ಬಿಸಿಲು ನೋಡದೆ ಓಡಾಡುತ್ತಾರೆ. ಊರಿನ ಕಾಯಿಲೆ ಕಸಾಲೆ ಗೊತ್ತಿರುವವರು ಈಗ ಅವರೇ. ಡಾಕ್ಟರ ಕುರ್ಚಿ ಮಾತ್ರ ತಿರುಗುತ್ತಿರುತ್ತದೆ. 2012ರ ಕಾಯ್ದೆಯಂತೆ ಎಂಬಿಬಿಎಸ್ ಮುಗಿಸಿದವರು ಒಂದು ವರ್ಷ ಸರ್ಕಾರಿ ಸೇವೆ ಮಾಡಬೇಕು. ಜನ ಕರೆಯುವುದು “ಬಾಂಡ್ ಡಾಕ್ಟ್ರು” ಎಂದು. ಈಚಿನ ತಿದ್ದುಪಡಿಯ ಮೇಲೆ ಖಾಲಿ ಹುದ್ದೆ ಇದ್ದಷ್ಟೇ ಜನರನ್ನು ತೆಗೆದುಕೊಳ್ಳುತ್ತಾರೆ. ಬಂದವರು ಬುದ್ಧಿವಂತರೇ. ಆದರೆ ಅವರ ಕಣ್ಣು ನೀಟ್ ಪಿಜಿ ಪರೀಕ್ಷೆಯ ಮೇಲೆ. ತಪ್ಪಲ್ಲ ಅದು, ಅವರ ಮುಂದಿಟ್ಟಿರುವ ದಾರಿ ಅದೊಂದೇ. ಉಳಿದ ಹೊತ್ತು ಮೀಟಿಂಗ್, ವಿಡಿಯೋ ಕಾನ್ಫರೆನ್ಸ್, ಪೋಸ್ಟ್‌ಮಾರ್ಟಂ, ಆನ್‌ಲೈನ್ ಎಂಟ್ರಿ. ಯಾವ ಮನೆಯಲ್ಲಿ ಯಾರಿಗೆ ಏನು ಎಂದು ತಲೆಗೆ ಹತ್ತುವಷ್ಟರಲ್ಲಿ ವರ್ಷ ಮುಗಿಯುತ್ತದೆ. ಮತ್ತೊಬ್ಬರು ಬರುತ್ತಾರೆ, ಮತ್ತೆ ಮೊದಲಿಂದ.

ಕಾರವಾರದಲ್ಲೇ ಸರ್ಕಾರಿ ಮೆಡಿಕಲ್ ಕಾಲೇಜು ಇದೆ, ವರ್ಷಕ್ಕೆ 150 ಎಂಬಿಬಿಎಸ್ ಸೀಟು. ಅವರಲ್ಲಿ ಕೆಲವರಾದರೂ ಜಿಲ್ಲೆಯ ಹಳ್ಳಿಯಲ್ಲಿ ನಿಲ್ಲಬಾರದೇಕೆ ಎಂದು ಕೇಳಬಹುದು. ನಿಲ್ಲಲು ಏನು ಕೊಟ್ಟಿದ್ದೇವೆ ಎಂದೂ ಕೇಳಬೇಕು. ಫ್ಯಾಮಿಲಿ ಮೆಡಿಸಿನ್ ಎಂಬುದೇ ಒಂದು ಪಿಜಿ ವಿಷಯ, ಅದರಲ್ಲಿ ಮೂರು ವರ್ಷದ ಡಿಎನ್‌ಬಿ ಎಂಬ, ಎಂಡಿಗೆ ಸಮನಾದ ಪದವಿ ಇದೆ. ಕೇರಳದ ಕೋಯಿಕ್ಕೋಡ್ ಸರ್ಕಾರಿ ಕಾಲೇಜಿನಲ್ಲಿ ಇದರಲ್ಲಿ ಎಂಡಿಯನ್ನೇ ಶುರು ಮಾಡಿದರು. ಹೆರಿಗೆಯಿಂದ ಹಿಡಿದು ಹಾವು ಕಡಿತ, ಸಕ್ಕರೆ ಕಾಯಿಲೆ, ಮುದುಕರ ಆರೈಕೆ ತನಕ ಒಬ್ಬರೇ ನೋಡಲು ಕಲಿಸುವ ಓದು ಇದು. ಇಂಥ ತರಬೇತಿ ನಡೆಯಬೇಕಾದ್ದು ಶಿರಸಿ, ಕುಮಟಾದಂಥ ತಾಲೂಕು ಆಸ್ಪತ್ರೆಗಳಲ್ಲಿ. ಮುಗಿಸಿದವರಿಗೆ ಸರ್ಕಾರ ತಜ್ಞರ ಸಂಬಳ, ತಜ್ಞರ ಬಡ್ತಿ ಕೊಡಬೇಕು. ಆಗ “ಬರೀ” ಎಂಬ ಪದ ತಾನಾಗಿ ಉದುರುತ್ತದೆ. ಬಾಂಡಿನ ಒಂದು ವರ್ಷವನ್ನು ಈ ಮೂರು ವರ್ಷದ ಮೊದಲ ವರ್ಷ ಎಂದು ಲೆಕ್ಕ ಹಿಡಿದರೆ ಕೆಲವರಾದರೂ ಮುಂದಿನ ಎರಡು ವರ್ಷ ನಿಂತಾರು. ಇದು ನನ್ನ ಆಸೆಯ ಲೆಕ್ಕ.

ಎಲ್ಲಕ್ಕಿಂತ ದೊಡ್ಡ ತೊಡಕು ರಾತ್ರಿಯದು ಎಂದು ನನಗೆ ಅನ್ನಿಸುತ್ತದೆ. ನಮ್ಮ ಡಾಕ್ಟರು ನಲವತ್ತು ವರ್ಷದಲ್ಲಿ ಒಂದು ಮದುವೆಗೂ ಪೂರ್ತಿ ಕೂತು ಊಟ ಮಾಡಿದ್ದು ನಾನು ಕಂಡಿಲ್ಲ. ಎಲೆಯಲ್ಲಿ ಹೋಳಿಗೆ ಬೀಳುವ ಹೊತ್ತಿಗೆ ಯಾರೋ ಬಂದು ಕಿವಿಯಲ್ಲಿ ಪಿಸುಗುಟ್ಟುತ್ತಿದ್ದರು. ಈ ಜೀವನವನ್ನು ಇನ್ನೊಬ್ಬರಿಗೆ ಮಾದರಿ ಎಂದು ತೋರಿಸುವುದೇ ತಪ್ಪು. ಒಬ್ಬರೇ ಹೊರುವ ಹೊರೆ ಇದಲ್ಲ. ಹತ್ತು ಕಿಲೋಮೀಟರ್ ಸುತ್ತಿನಲ್ಲಿ ಮೂವರು ಸೇರಿ ರಾತ್ರಿ ಪಾಳಿ ಹಂಚಿಕೊಂಡರೆ, ಒಬ್ಬರ ರೋಗಿಯ ವಿವರ ಇನ್ನೊಬ್ಬರಿಗೂ ಸಿಕ್ಕರೆ, ಮನುಷ್ಯರು ಮಾಡಬಹುದಾದ ಕೆಲಸವಾಗುತ್ತದೆ. ನಮ್ಮಲ್ಲಿ ಹಾಲಿಗೆ ಸೊಸೈಟಿ ಇದೆ, ಅಡಿಕೆಗೆ ಸೊಸೈಟಿ ಇದೆ. ಸಹಕಾರ ಎಂಬುದನ್ನು ಶಿರಸಿಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಡಾಕ್ಟರ ಮನೆ ಬಾಡಿಗೆ, ದವಾಖಾನೆಯ ಕೋಣೆ, ಸಹಾಯಕಿಯ ಸಂಬಳ ಸೊಸೈಟಿಯೇ ಹೊತ್ತರೆ ಅದರ ಲೆಕ್ಕಪತ್ರದಲ್ಲಿ ಕಾಣುವ ಸಂಖ್ಯೆಯೇ ಅಲ್ಲ ಅದು.

ಇನ್ನೊಂದು ವಿಷಯ ಜಗತ್ತಿಗೆಲ್ಲ ಗೊತ್ತಿರುವುದೇ. ಹಳ್ಳಿಯಲ್ಲಿ ಬೆಳೆದವರು ಹಳ್ಳಿಗೆ ಮರಳುವ ಸಂಭವ ಜಾಸ್ತಿ. ಅಂಥವರಿಗೆ ಸೀಟು ಕೊಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲೇ ಸಲಹೆ ಕೊಟ್ಟಿದೆ. ಆದರೆ ನಮ್ಮ ಸೀಮೆಯಲ್ಲಿ ಇದಕ್ಕೊಂದು ಅಡ್ಡಗಾಲು ಇದೆ. ಇಲ್ಲಿ ಚೆನ್ನಾಗಿ ಓದುವ ಮಕ್ಕಳನ್ನು ಬೆಳೆಸುವುದೇ ಬೆಂಗಳೂರಿಗೆ ಕಳಿಸಲು. ಊರಲ್ಲಿ ಉಳಿದವನನ್ನು “ಎಂತಕ್ಕೆ ಉಳಿದ?” ಎಂದು ಕೇಳುವ ಜನ ನಾವು. ಹಾಲಕ್ಕಿ, ಸಿದ್ದಿ, ಕುಣಬಿ ಕೇರಿಗಳಿಂದ ಬಂದ ಮಕ್ಕಳು ಮೆಡಿಕಲ್ ಓದಿದರೆ ಕತೆ ಬೇರೆಯಾದೀತು ಎಂದು ನನ್ನ ನಂಬಿಕೆ. ಆ ಮಕ್ಕಳಿಗೆ ಪಿಯುಸಿಯ ಫಿಸಿಕ್ಸ್ ಪಾಠವೇ ಸರಿಯಾಗಿ ಸಿಗುತ್ತಿಲ್ಲ, ನೀಟ್ ಕೋಚಿಂಗ್ ಇನ್ನೆಲ್ಲಿ?

ಫೋನು ಸ್ವಲ್ಪ ಸಹಾಯ ಮಾಡಿದೆ. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಹಳ್ಳಿ ಡಾಕ್ಟರುಗಳಿಗೆ ಇಸಿಜಿ ಯಂತ್ರ ಕೊಟ್ಟು, ವಾಟ್ಸ್ಆ್ಯಪ್‌ನಲ್ಲಿ ಬಂದ ಇಸಿಜಿ ನೋಡಿ ತಕ್ಷಣ ಸಲಹೆ ಕೊಡುವ ವ್ಯವಸ್ಥೆ ಕಟ್ಟಿದರು. ಕರಾವಳಿ, ಮಲೆನಾಡಿನ ಅನೇಕರು ಇದರಿಂದ ಬದುಕಿದ್ದಾರೆ. ಆದರೆ ಗಮನಿಸಿ, ಈ ವ್ಯವಸ್ಥೆಯ ಒಂದು ತುದಿಯಲ್ಲಿ ಹಳ್ಳಿಯ ಡಾಕ್ಟರು ಇದ್ದೇ ಇರಬೇಕು. ವಯರು ಎದೆಗೆ ಅಂಟಿಸುವ ಕೈ ಊರಲ್ಲೇ ಬೇಕು.

ನಮ್ಮ ಡಾಕ್ಟರು ಊರು ಬಿಟ್ಟಿಲ್ಲ. ಜಗಲಿಯಲ್ಲಿ ಕಾಲು ನೀಡಿ ಕೂತಿರುತ್ತಾರೆ. ಔಷಧಿ ಬರೆಯುವುದು ನಿಲ್ಲಿಸಿದ್ದಾರೆ. ಆದರೂ ಜನ ಡಬ್ಬಿ ತಂದು ಸುರಿಯುತ್ತಾರೆ, ಅವರು ಕನ್ನಡಕ ಹಣೆಗೇರಿಸಿ ಪಟ್ಟಿ ಬೇರೆ ಮಾಡಿ ಕೊಡುತ್ತಾರೆ. ಕಳೆದ ಮಳೆಗಾಲ ಮುಗಿದ ಮೇಲೆ ಒಂದು ಭಾನುವಾರ ಆರೋಗ್ಯ ಕೇಂದ್ರದ ಬಾಂಡ್ ಡಾಕ್ಟರು, ಬಯಲುಸೀಮೆಯ ಹುಡುಗಿ, ಸ್ಕೂಟಿಯಲ್ಲಿ ಬಂದಳು. ಒಂದು ಕೇರಿಯವರು ಬಿಪಿ ಗುಳಿಗೆಗೆ ಬರುವುದೇ ಇಲ್ಲ, ಆಶಾ ಹೇಳಿದರೂ ಕೇಳುವುದಿಲ್ಲ, ಯಾಕೆ ಸರ್ ಎಂದು ಕೇಳಿದಳು.

“ಅವರೆಲ್ಲ ದಿನಗೂಲಿಯವರು ತಂಗೀ. ನಿಮ್ಮ ಒಪಿಡಿ ಹೊತ್ತಲ್ಲಿ ಬಂದ್ರೆ ಆ ದಿನದ ಕೂಲಿ ಹೋಯ್ತು. ಸಂತೆ ದಿನ ಸಂಜೆ, ನಾಲ್ಕೂವರೆ ಬಸ್ಸಿಗೆ ಮುಂಚೆ, ಬಸ್‌ ಸ್ಟ್ಯಾಂಡ್ ಹತ್ರ ಕೂತ್ಕೊಳ್ಳಿ. ತಾವಾಗೇ ಬರ್ತಾರೆ.”

ಅವಳು ಕೂತಳು. ಒಂದು ಕುರ್ಚಿ, ಬಿಪಿ ಯಂತ್ರ, ಜೊತೆಗೆ ಆಶಾ. ಮೊದಲ ವಾರ ಏಳು ಜನ ಬಂದರು, ದೀಪಾವಳಿ ಹೊತ್ತಿಗೆ ಇಪ್ಪತ್ತು ದಾಟಿತ್ತು. ಈಗ ಸಂತೆಗೆ ಬಂದವರು ಚೀಲ ಕೆಳಗಿಟ್ಟು, ಕೇಳುವ ಮೊದಲೇ ತೋಳು ಮಡಚಿ ಕೈ ಮುಂದೆ ಮಾಡುತ್ತಾರೆ. ಅವಳ ಒಂದು ವರ್ಷ ಬರುವ ಜೂನ್‌ಗೆ ಮುಗಿಯುತ್ತದೆ.